ಮಣ್ಣು ಕೊಟ್ಟವರು ಯಾರು

ಈ ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗಿಯರಿಗೆ ನಾನು ಮೊದಲು ಹೇಳುವುದು ಸೀರೆಯ ವಿಷಯ. ಬಿಳಿ ಸೀರೆ ಉಟ್ಟುಕೊಂಡು ಸೈನಿಕರ ಮನೆಗೆ ಹೋಗಬೇಡಿ. ಸರ್ಕಾರಿ ಜೀಪಿನಲ್ಲಿ ಹೋಗಿ ಬಾಗಿಲ ಮುಂದೆ ಇಳಿಯಬೇಡಿ.

ನಾನು ಕಾನ್ವೆಂಟಿನಲ್ಲಿ ಓದಿದವಳು. ಸಿಸ್ಟರ್‌ಗಳ ನಡುವೆ ಬೆಳೆದವಳಿಗೆ ಬಿಳಿಯೆಂದರೆ ಶಿಸ್ತು, ಬಿಳಿಯೆಂದರೆ ರೆಸ್ಪೆಕ್ಟಬಲ್. ಮೊದಲ ಹೋಮ್ ವಿಸಿಟ್ಟಿಗೆ ಗುಂಡುಮಾಲ್ ಕಡೆಯ ಒಂದು ಹಳ್ಳಿಗೆ ಗಂಜಿ ಹಾಕಿದ ಬಿಳಿ ಕಾಟನ್ ಸೀರೆ ಉಟ್ಟು, ಜೀಪಿನಲ್ಲಿ ಕೂತು ಠೀವಿಯಿಂದ ಹೋದೆ. ಆ ಮನೆಯ ಮಗ ಗಡಿಯಲ್ಲಿದ್ದ, ಗುಂಡುಕಲ್ಲಿನ ಹಾಗೆ ಇದ್ದ. ನಾನು ಹೋದದ್ದು ಅವನ ತಾಯಿಯ ಕಣ್ಣಿನ ಆಪರೇಷನ್ನಿನ ಮಾತಿಗೆ. ಜೀಪು ನಿಂತದ್ದನ್ನೂ ಅದರಿಂದ ಬಿಳಿ ಸೀರೆಯೊಂದು ಇಳಿದದ್ದನ್ನೂ ಕಂಡ ಆಕೆ ಕೈಯಲ್ಲಿದ್ದ ಮೊರವನ್ನು ಬಿಟ್ಟು ಬೀದಿಯಲ್ಲೇ ಕುಸಿದಳು. ನಾನು ಬಾಯಿ ತೆರೆಯುವ ಮೊದಲೇ ಓಣಿಯ ಹೆಂಗಸರೆಲ್ಲ ಎದೆ ಬಡಿದುಕೊಳ್ಳುತ್ತಿದ್ದರು. "ಆರಾಮ ಅದಾನ್ರೀ, ಆರಾಮ ಅದಾನ!" ಎಂದು ನಾನು ಕೂಗಿದ್ದು ಆ ಅಳುವಿನಲ್ಲಿ ಯಾರಿಗೂ ಕೇಳಲಿಲ್ಲ. ಕೊನೆಗೆ ಒಬ್ಬ ಮುದುಕಿ ನನ್ನ ತೋಳು ಹಿಡಿದು ಅಲುಗಾಡಿಸಿ ಕೇಳಿದಳು: "ಆರಾಮ ಇದ್ದ ಮ್ಯಾಲೆ ಈ ವೇಷ ಯಾಕ ಹಾಕ್ಕೊಂಡ ಬಂದಿ, ಹುಚ್ಚಿ?"

ಅಂದಿನಿಂದ ನಾನು ನಾರಾಯಣಪೇಟೆಯ ಚೌಕಡಿ ಸೀರೆ ಉಟ್ಟೆ, ಬಸ್ಸಿನಲ್ಲಿ ಹೋದೆ. ಊರಿನ ಮೊದಲ ಮನೆಯಲ್ಲೇ ನಿಂತು ಎಲ್ಲರಿಗೂ ಕೇಳುವ ಹಾಗೆ ಕುಡಿಯಲು ನೀರು ಕೇಳುವುದನ್ನು ಕಲಿತೆ. ಸಾವಿನ ಸುದ್ದಿ ತಂದವರು ನೀರು ಕೇಳುವುದಿಲ್ಲ. ಅದು ಊರಿಗೆ ಗೊತ್ತು. ನಾನು ಗಟಗಟ ಕುಡಿದರೆ ಸೈನಿಕರ ಮನೆಗಳಲ್ಲಿ ಉಸಿರು ಇಳಿಯುತ್ತಿತ್ತು.

ಪ್ರಮೋಷನ್, ಇನ್‌ಕ್ರಿಮೆಂಟ್, ಬೀಳ್ಕೊಡುಗೆಯಲ್ಲಿ ಹೊದಿಸಿದ ಶಾಲು, ಇವು ಯಾವುವೂ ಈಗ ನೆನಪಿಗೆ ಬರುವುದಿಲ್ಲ. ನೆನಪಿಗೆ ಬರುವುದು ಮನೆಗಳು. ಮಾಜಿ ಸೈನಿಕರ, ಸೈನಿಕರ ವಿಧವೆಯರ, ಹೆತ್ತವರ ಕಷ್ಟಸುಖ ವಿಚಾರಿಸಿ ಕಚೇರಿಗೆ ತಿಳಿಸುವುದು ನನ್ನ ಕೆಲಸ. ಆಗ ನಾರಾಯಣಪೇಟೆ, ಮಕ್ತಲ್, ಗದ್ವಾಲ ಎಲ್ಲ ಒಂದೇ ಜಿಲ್ಲೆ; ಬೇರೆ ಬೇರೆಯಾದದ್ದು ಮೊನ್ನೆ ಮೊನ್ನೆ. ಕಚೇರಿಯಲ್ಲಿ ನನ್ನ ಹುದ್ದೆಗೆ ಉದ್ದನೆಯ ಇಂಗ್ಲಿಷ್ ಹೆಸರಿತ್ತು. ಊರುಗಳಲ್ಲಿ ಮಾತ್ರ ನಾನು "ಮಿಲ್ಟ್ರಿ ಅಮ್ಮಾರು."

ನನ್ನ ಮೇಲಿನವರು ನಿವೃತ್ತ ಮೇಜರ್ ಒಬ್ಬರು. ಕರಾವಳಿ ಆಂಧ್ರದವರು, ನನ್ನನ್ನು "ಅಮ್ಮಾಯಿ" ಎಂದೇ ಕರೆಯುತ್ತಿದ್ದರು. ತೋಪಿನ ಸದ್ದಿಗೆ ಅವರ ಎಡಗಿವಿ ಹೋಗಿತ್ತು. ಬೇಡದ ಮಾತು ಬಂದಾಗ ಅವರು ಮೆಲ್ಲಗೆ ಕುರ್ಚಿ ತಿರುಗಿಸಿ ಎಡಗಿವಿಯನ್ನೇ ಮುಂದೆ ಮಾಡುತ್ತಿದ್ದರು. ಮೇಲಿನ ಆಫೀಸಿನಿಂದ ಬಂದವರು ಎಷ್ಟು ಬೈದರೂ ಅವರ ಮುಖದ ನಗೆ ಮಾಸದಿರಲು ಅದೇ ಕಾರಣ. ಎ ಥರೋ ಜಂಟಲ್‌ಮನ್. ನಾನು ಅವರಿಂದ ಬಹಳ ಕಲಿತೆ. ಅವರು ತಪ್ಪಿದ್ದು ನನಗೆ ಗೊತ್ತಿರುವ ಹಾಗೆ ಒಮ್ಮೆ ಮಾತ್ರ, ಅದೂ ಒಳ್ಳೆಯ ಮನಸ್ಸಿನಿಂದ.

ಆ ಒಂದು ಸಲದ ಕಥೆಯನ್ನು ಹೇಳುತ್ತೇನೆ.

ಗದ್ವಾಲದ ಕಡೆ, ಗಟ್ಟು ಎಂಬ ಊರು ದಾಟಿದ ಮೇಲೆ ಒಂದು ಸಣ್ಣ ಹಳ್ಳಿ. ಬೇರೆ ಯಾರದೋ ಮನೆಗೆ ಹೊರಟಿದ್ದೆ. ಕುರಿದೊಡ್ಡಿಯ ಪಕ್ಕದ ಕಟ್ಟೆಯ ಮೇಲೆ ಒಬ್ಬ ಮುದುಕಿ ಉಣ್ಣೆ ನೂಲುತ್ತಾ ಕೂತಿದ್ದಳು. ಕೈ ನಿಲ್ಲಿಸದೆ ಕೂಗಿದಳು:

"ಏ ಮಿಲ್ಟ್ರಿ ಅಮ್ಮಾರ! ಊರ ಮಂದಿ ಮನೀಗೆಲ್ಲಾ ಹೋಗ್ತೀರಿ, ನಮ್ಮ ಮನಿ ಕಣ್ಣಿಗಿ ಬೀಳಂಗಿಲ್ಲೇನು?"

"ನಿಮ್ಮ ಮನ್ಯಾಗ ಯಾರರ ಪಲ್ಟನ್ಯಾಗ ಅದಾರೇನವ್ವಾ?"

"ಇದ್ದ. ನಿಮ್ಮ ಪಲ್ಟನ್ ಅಲ್ಲ, ಬಿಳೇರ ಪಲ್ಟನ್."

ಆಕೆಯ ಹೆಸರು ಬೀರವ್ವ. ಕುರಿ ಕಾಯುವ ಮನೆತನ, ಬೀರಪ್ಪನ ಒಕ್ಕಲು. ಎರಡನೆಯ ಮಹಾಯುದ್ಧಕ್ಕೆ ಹೋದ ಆಕೆಯ ಮಗ ಮಾಳಪ್ಪ ತಿರುಗಿ ಬಂದಿರಲಿಲ್ಲ. ಆಗಲೇ ಮೂವತ್ತು ವರ್ಷಗಳ ಹಿಂದಿನ ಮಾತು ಅದು. ಮನೆಯಲ್ಲಿ ಆಕೆಯ ಜೊತೆ ಇದ್ದವಳು ಮಗಳು ನಿಂಗವ್ವ. ಅಣ್ಣ ಹೋಗುವಾಗ ಚಿಕ್ಕ ಹುಡುಗಿ, ನಾನು ಕಂಡಾಗ ನಲವತ್ತರ ಹೆಂಗಸು.

ಮಗ ಪಲ್ಟನ್ನಿಗೆ ಸೇರಿದ ಕಥೆಯನ್ನು ಬೀರವ್ವ ನಗುತ್ತಲೇ ಹೇಳಿದಳು. ಗದ್ವಾಲದ ಸಂತೆಗೆ ಉಣ್ಣೆ ಮಾರಲು ಹೋಗಿದ್ದನಂತೆ. ಸೈನ್ಯಕ್ಕೆ ಜನ ಸೇರಿಸುವ ಹವಾಲ್ದಾರನ ಖಚ್ಚರ್, ಅಂದರೆ ಹೇಸರಗತ್ತೆ, ನಡುಬೀದಿಯಲ್ಲಿ ನಿಂತುಬಿಟ್ಟಿತ್ತು. ನಾಲ್ಕು ಜನ ಎಳೆದರು, ಇಬ್ಬರು ಹೊಡೆದರು, ಅದು ಕದಲಲಿಲ್ಲ. ಮಾಳಪ್ಪ ಹೋಗಿ ಅದರ ಕಿವಿಯ ಬುಡಕ್ಕೆ ಅಂಗೈ ಇಟ್ಟು, "ಬಾ ತಮ್ಮಾ, ಬಾ" ಎಂದ. ಅದು ಅವನ ಹಿಂದೆ ಕುರಿಮರಿಯಂತೆ ನಡೆಯಿತು. ಹವಾಲ್ದಾರ ಖಚ್ಚರನ್ನು ಬಿಟ್ಟು ಇವನನ್ನು ಹಿಡಿದುಕೊಂಡ.

"ಮನೀಗೆ ಬಂದು ಏನಂದ ಗೊತ್ತೇನು? 'ಯವ್ವಾ, ಇದೂ ಕುರಿ ಕಾಯೋದ ಐತಿ. ಬರೇ ಕುರಿ ಸ್ವಲ್ಪ ಎತ್ತರ ಅದಾವ' ಅಂದ. ಎತ್ತರ ಇದ್ದೂವು ಖರೆ. ಭಾಳ ದೂರ ಮೇಯಾಕ ಒಯ್ದುವು."

ಆಮೇಲೆ ಒಂದು ತಾರು ಬಂತು. ಊರ ಪಟೇಲ ಓದಿ ಹೇಳಿದ. ತೀರಿಕೊಂಡ ಎಂಬುದಷ್ಟೇ ಅದರಲ್ಲಿ ಇದ್ದದ್ದು.

ಬೀರವ್ವನಿಗೆ ನನ್ನಿಂದ ಬೇಕಾದದ್ದು ಪಿಂಚಣಿಯಲ್ಲ, ಹೊಲವಲ್ಲ. ಅದನ್ನು ನನಗೆ ತಿಳಿಯುವ ಹಾಗೆ ಬಿಡಿಸಿ ಹೇಳಿದವಳು ನಿಂಗವ್ವ.

"ನಮ್ಮ ಮನ್ಯಾಗ ಹಿರೇರ ಹಬ್ಬದ ದಿನ ಪೂಜಾರಿ ಕರಿ ಕಂಬಳಿ ಹಾಸ್ತಾನ್ರೀ. ಸತ್ತವರ ಒಬ್ಬೊಬ್ಬರ ಹೆಸರ ಹಿಡದು ಕಂಬಳಿ ಮ್ಯಾಲ ಬಂದು ಕೂಡ್ರಾಕ ಕರೀತಾನ. ಹೊಸಾ ಹೆಸರು ಸೇರಸಬೇಕಂದ್ರ ಮೊದ್ಲ ಕೇಳ್ತಾನ, 'ಮಣ್ಣು ಕೊಟ್ಟವರು ಯಾರು?' ಅಂತ. ಕುಣಿಯಾಗ ಹಿಡಿ ಮಣ್ಣ ಹಾಕಿದಾವ್ರೊಳಗ ಒಬ್ಬರರ ಎದ್ದು 'ನಾ ಕೊಟ್ಟೀನಿ' ಅನಬೇಕು. ಅಂದ್ರ ಹೆಸರು ಸೇರತೈತಿ. ಇಲ್ಲಂದ್ರ ಇಲ್ಲ."

"ಸುಟ್ಟಿದ್ದರೆ?"

"ನಮ್ಮ ಮಂದಿನ್ನ ಸುಡಂಗಿಲ್ರೀ ಅಮ್ಮಾರ. ನಾವು ಮಣ್ಣಿನ ಮಂದಿ."

ಬೀರವ್ವ ನೂಲುವುದನ್ನು ಆಗ ನಿಲ್ಲಿಸಿದಳು. "ಪ್ರತಿ ವರ್ಷ ನಾನ ಪೂಜಾರಿಗಿ ಅವನ ಹೆಸರ ಹೇಳ್ತೀನಿ. ಅಂವ ಕೇಳ್ತಾನ. ಯಾರೂ ಏಳಂಗಿಲ್ಲ. ಮುಂದಿನ ಹೆಸರಿಗೆ ಹೋಗ್ತಾನ. ನನ್ನ ಮಗ ಹೊರಗ ನಿಂತಾನ. ನಮ್ಮತ್ತಿ ಮಾವ ಒಳಗ ಕುಂತು ಉಣ್ತಾರ, ಅಂವ ಅಗಸಿ ಹೊರಗ ನಿಂತಾನ. ನೀವು ಓದಿದಾವ್ರು. ಒಂದ ತಿಳಕೊಂಡ ಬರ್ರಿ. ಮಣ್ಣಿಗಿಟ್ರೋ, ಬೆಂಕಿಗಿಟ್ರೋ? ಮಣ್ಣಿಗಿಟ್ಟಿದ್ರ ಯಾರ ಕೊಟ್ರು? ಮಣ್ಣ ಕೊಟ್ಟಾವ ಬದುಕಿದ್ರ ಒಮ್ಮಿ ಕರಕೊಂಡ ಬರ್ರಿ. ನಾ ಸಾಯೂ ಮೊದ್ಲ ನನ್ನ ಮಗನ್ನ ಒಳಗ ಕರಕೋಬೇಕು."

ಮೇಜರ್ ಸಾಹೇಬರಿಗೆ ಹೇಳಿದೆ. ಅವರು ಬಲಗಿವಿಯಿಂದಲೇ ಕೇಳಿಸಿಕೊಂಡರು.

"ಅಮ್ಮಾಯಿ, ಹಿಂದೂ ಸಿಪಾಯಿ ಎಂದರೆ ಕ್ರಿಮೇಷನ್. ಹೊರದೇಶದಲ್ಲಾದರೂ ಸೇನೆ ಧರ್ಮ ನೋಡಿಯೇ ಅಂತ್ಯಕ್ರಿಯೆ ಮಾಡುತ್ತದೆ. ಅಷ್ಟು ಮರ್ಯಾದೆಯಿಂದ ದಹನ ಮಾಡಿದ್ದಾರೆ ಎಂದು ಹೇಳಿ. ಪೂರ್ ಮದರ್, ಸಮಾಧಾನವಾಗುತ್ತದೆ."

ಅವರ ಊರಿನ ಕಡೆ ಅದು ಸಮಾಧಾನದ ಮಾತೇ. ಗಟ್ಟಿನ ಕುರುಬರ ಅಂಗಳದಲ್ಲಿ ಅದು ಬೇರೆ. ನಾನು ಹೋಗಿ ಹೇಳಿದಾಗ ಬೀರವ್ವ ಅಳಲಿಲ್ಲ. ಕೈಯಲ್ಲಿದ್ದ ಕದಿರನ್ನು ಕೆಳಗಿಟ್ಟಳು.

"ಹಂಗಾದ್ರ ಹೊಗಿ ಆಗಿ ಹೋದ. ಹೊಗೀನ ಎಲ್ಲಿ ಕೂಡ್ರಸ್ಲಿ?"

ಬಸ್ಸಿನವರೆಗೂ ಬಂದ ನಿಂಗವ್ವ ಬಸ್ಸು ಹೊರಡುವಾಗ ಕಿಟಕಿಯ ಹತ್ತಿರ ನಿಂತು, "ಗೊತ್ತಿಲ್ಲ ಅಂದಿದ್ರ ನಡೀತಿತ್ರೀ" ಎಂದಳು. ಮಕ್ಕಳೇ, ನಮ್ಮ ಕೆಲಸದಲ್ಲಿ "ಗೊತ್ತಿಲ್ಲ" ಎಂಬುದೂ ಒಂದು ಉತ್ತರ. ಕೆಲವು ಮನೆಗಳಿಗೆ ಅದೇ ಊರುಗೋಲು. ಅದನ್ನು ಕಿತ್ತುಕೊಳ್ಳುವಾಗ ನಿಮ್ಮ ಕೈಯಲ್ಲಿ ಗಟ್ಟಿಯಾದದ್ದು ಇನ್ನೇನೋ ಇರಬೇಕು.

ಆಮೇಲಿನ ದಿನಗಳಲ್ಲಿ ಆ ಯುದ್ಧಕ್ಕೆ ಹೋಗಿಬಂದ ಮುದುಕರು ಎಲ್ಲಿ ಕಂಡರೂ ಮಾತಿಗೆಳೆಯುತ್ತಿದ್ದೆ. ಐಜದಲ್ಲಿ ಒಬ್ಬರು, ನಾರಾಯಣಪೇಟೆಯ ನೇಕಾರರ ಓಣಿಯಲ್ಲಿ ಒಬ್ಬರು. ಯುದ್ಧ ಹೇಗಿತ್ತು ಎಂದು ಕೇಳಿದರೆ ಅವರ ಬಾಯಿಂದ ಬರುವುದು ಎರಡೇ ಮಾತು, "ಥಂಡಿ ಇತ್ತು" ಅಥವಾ "ಸೆಕಿ ಇತ್ತು." ಮಾಳಪ್ಪನ ಹೆಸರು ಯಾರಿಗೂ ಗೊತ್ತಿರಲಿಲ್ಲ. ಹುಡುಕುವುದನ್ನು ನಾನು ಬಹುಮಟ್ಟಿಗೆ ಬಿಟ್ಟೇಬಿಟ್ಟಿದ್ದೆ.

ಒಂದು ದಿನ ಮಕ್ತಲ್‌ನಲ್ಲಿ ರೈಲು ಸ್ಟೇಷನ್ನಿಗೆ ಹೋಗಲು ಜಟಕಾ ಹತ್ತಿದೆ. ಹೊಡೆಯುವವರು ಖಾಸಿಂ ಸಾಬ, ಊರಿಗೆಲ್ಲ ಪರಿಚಿತರು. ಪಲ್ಟನ್ನಿನವರು ಎಂದೂ ಗೊತ್ತಿತ್ತು, ಆದರೆ ಬಾಯಿ ಬಿಡದ ಮನುಷ್ಯ. ಆಡಿದರೆ ಎಲ್ಲರ ಜೊತೆ ದಖ್ಖನಿ ಉರ್ದುವಿನಲ್ಲೇ ಮಾತು. ದಾರಿಯಲ್ಲಿ ಕುದುರೆ ಯಾಕೋ ಮುನಿಸಿಕೊಂಡು ನಿಂತಿತು. ಖಾಸಿಂ ಸಾಬರು ಚಾವಟಿ ಮುಟ್ಟಲಿಲ್ಲ. ಇಳಿದು ಹೋಗಿ, ಅದರ ಕಿವಿಯ ಬುಡಕ್ಕೆ ಅಂಗೈ ಇಟ್ಟು, ಮೆಲ್ಲಗೆ ಅಂದರು:

"ಬಾ ತಮ್ಮಾ, ಬಾ."

ಬೀರವ್ವ ಹೇಳಿದ ಅದೇ ಮಾತು.

"ಎಲ್ಲರ ಸಂಗಟ ದಖ್ಖನಿ ಮಾತಾಡ್ತೀರಿ. ಕುದುರಿ ಸಂಗಟ ಯಾಕ ಕನ್ನಡ, ಸಾಬ್?"

ಅವರು ನಕ್ಕರು. "ಈ ಮಂತ್ರ ಕನ್ನಡದಾಗ ಕಲ್ತೀನಿ ಬೇಟಿ. ಅದಕ್ಕ ಹಂಗ. ಖಚ್ಚರ್ ಕಂಪನಿಯಾಗ ಒಬ್ಬ ಕುರುಬರ ಹುಡುಗ ಇದ್ದ. ಹೊಳಿ ಆಚೇವ, ಗಟ್ಟು ಕಡೇವ. ಮಾಳ ಅಂತಿದ್ವಿ."

ಕೃಷ್ಣೆಯ ಈಚೆ ಮಕ್ತಲ್, ಆಚೆ ಗಟ್ಟು. ಜೂರಾಲದ ಕಟ್ಟೆ ಆಗ ಇರಲಿಲ್ಲ. ರಾಯಚೂರಿನ ಮೇಲೆ ಸುತ್ತು ಹಾಕಿ ಹೋಗಬೇಕು. ಹಾಗಿದ್ದರೂ ಒಂದು ಹಗಲಿನ ದಾರಿ, ಅಷ್ಟೇ. ಆ ಹಾದಿಯ ಒಂದು ತುದಿಯಲ್ಲಿ ಪ್ರಶ್ನೆ, ಇನ್ನೊಂದು ತುದಿಯಲ್ಲಿ ಉತ್ತರ, ಎರಡೂ ಮೂವತ್ತು ವರ್ಷ ಸುಮ್ಮನೆ ಕೂತಿದ್ದವು.

"ಅವನ ತಾಯಿ ನನಗ ಗೊತ್ತು, ಸಾಬ್" ಎಂದೆ.

ಅವರ ಮುಖದ ನಗೆ ಹೋಯಿತು. "ಬದುಕ್ಯಾಳೇನು?" ಎಂದು ಕೇಳಿ, ನನ್ನ ಉತ್ತರಕ್ಕೂ ಕಾಯದೆ ಜಟಕಾ ಹತ್ತಿದರು. ಸ್ಟೇಷನ್ ಬಂದದ್ದೇ ಬಾಡಿಗೆಯನ್ನೂ ಕೇಳದೆ ಗಾಡಿ ತಿರುಗಿಸಿದರು.

ಐ ಡಿಡ್ ನಾಟ್ ಪುಶ್. ಇದನ್ನು ನೆನಪಿಡಿ: ಬಾಗಿಲು ಒಮ್ಮೆ ತಾನಾಗಿ ತೆರೆದ ಮನೆಗೆ ಮರುದಿನವೇ ಹೋಗಿ ತಟ್ಟಬಾರದು. ಮುಂದಿನ ತಿಂಗಳು ಅವರ ಬೀಬಿಯ ಕೆಮ್ಮಿಗೆ ಔಷಧ ಕೊಡಿಸುವ ನೆಪದಲ್ಲಿ ಮನೆಗೆ ಹೋದೆ. ಬೀಬಿ ಚಹಾ ಮಾಡಿದರು. ಖಾಸಿಂ ಸಾಬರು ಬಸಿಯಲ್ಲಿ ಚಹಾ ಆರಿಸುತ್ತಾ ತಾವಾಗಿಯೇ ಶುರು ಮಾಡಿದರು.

"ಜಹಾಜಿನ್ಯಾಗ ಮಾಳ ವಾಂತಿ ಮಾಡಿ ಮಾಡಿ ಅರ್ಧ ಆಗಿದ್ದ. 'ಹೊಳಿ ದಾಟಾಕ ಹೆದರೋ ಮನಷ್ಯಾ ನಾನು. ಎಲ್ಲಿಗಿ ತಂದಿಯೋ ಖಾಸಿಂ' ಅಂತಿದ್ದ. ನಾನ ತಂದಂಗ! ಇಟ್ಲಿ ದೇಶದಾಗ ಇಳಿದ ಮ್ಯಾಲೆ ಬರೇ ಗುಡ್ಡ, ಬರೇ ಕೆಸರು. ಮೋಟರ್ ಹತ್ತಂಗಿಲ್ಲ. ಮ್ಯಾಲಿನ ಮಂದಿಗೆ ರೊಟ್ಟಿ, ನೀರು, ಗುಂಡು ಎಲ್ಲಾ ಖಚ್ಚರ್ ಮ್ಯಾಲ ನಾವ ಒಯ್ಯಬೇಕು. ಥಂಡಿಗೆ ಮಾಳ ತನ್ನ ಕಂಬಳಿ ಖಚ್ಚರಿಗೆ ಹೊದಿಸಿ, ತಾನು ನಡಗಕೋತ ನಿಲ್ತಿದ್ದ. ಗೋರಾ ಸಾಹೇಬ ಬೈದ. ಇಂವ ಅಂದ, 'ನಾಳಿ ಗುಡ್ಡ ಹೊತ್ಕೊಂಡ ಹತ್ತೋದು ಅದು ಸಾಹೇಬ್, ನಾನಲ್ಲ' ಅಂತ. ನಾ ಹಿಂದೂಸ್ತಾನಿ ಮಾಡಿ ಹೇಳ್ದೆ. ಸಾಹೇಬ ನಕ್ಕು ಇನ್ನೊಂದ ಕಂಬಳಿ ಕೊಟ್ಟ. ಅದನ್ನೂ ಇನ್ನೊಂದ ಖಚ್ಚರಿಗೆ ಹಾಕಿದ, ಬದ್ಮಾಶ್."

ಬೀಬಿ ನಕ್ಕರು. ಖಾಸಿಂ ಸಾಬರು ನಗಲಿಲ್ಲ.

"ಒಂದ ದಿನ ನಮ್ಮ ಕಂಪನಿ ಹಿಂದೂ ಸಿಪಾಯಿ ಒಬ್ಬಾವ ಸತ್ತ. ಅವನ್ನ ಸುಟ್ರು. ಮಾಳ ನನ್ನ ಪಕ್ಕದಾಗ ನಿಂತು ನೋಡಿದ. ಅವತ್ತ ಉಣ್ಣಲಿಲ್ಲ. 'ಖಾಸಿಂ, ನನ್ನ ಹಿಂಗ ಮಾಡಸಬ್ಯಾಡ. ನಮ್ಮವರು ಮಣ್ಣಿಗೆ ಹೋಗ್ತಾರ. ನನ್ನ ಮಣ್ಣಿಗಿಡು' ಅಂದ. 'ನಿನಗಿಂತ ಮೊದ್ಲ ನಾ ಸಾಯ್ತೀನಿ, ಸುಮ್ನ ಕೂಡು' ಅಂದೆ."

"ಆಮ್ಯಾಲೆ?"

"ಒಂದ ಮುಂಜಾನಿ ಕೆಳಗ ಇಳಿಯೋವಾಗ ಒಂದ ಖಚ್ಚರ್ ಜಾರಿ ಹಗ್ಗದಾಗ ಸಿಕ್ಕೊಂತು. ಬಿಟ್ಟು ಬರ್ರಿ ಅಂತ ಹುಕುಂ ಆತು. ಮಾಳ ಹಿಂದಕ್ಕ ಹೋದ. ಅಷ್ಟ್ರಾಗ ಗುಂಡು ಬಿತ್ತು. ಅಂವ ಹೋದ, ಅವನ್ನ ಕರೆಯಾಕ ಓಡಿದ ನಮ್ಮ ಪಂಜಾಬಿನ ಮುಸಲ್ಮಾನ ಹುಡುಗನೂ ಹೋದ. ಖಚ್ಚರಿಗೆ ಏನೂ ಆಗಲಿಲ್ಲ. ಮಾಳನ ಪಕ್ಕದಾಗ ನಿಂತ ಇತ್ತು."

ಇಬ್ಬರನ್ನೂ ಕೆಳಗೆ ತಂದವರು ಖಾಸಿಂ ಸಾಬರೇ. ಹಿಂದೂಗಳಿಗೆ ಕಟ್ಟಿಗೆ ಒಂದು ಕಡೆ, ಮುಸಲ್ಮಾನರಿಗೆ ಗೋರಿ ಇನ್ನೊಂದು ಕಡೆ. ಮಾಳಪ್ಪ ಹಿಂದೂ, ಆದರೆ ಅವನವರು ಸುಡುವುದಿಲ್ಲ ಎಂದು ಅಲ್ಲಿದ್ದ ಸಾಹೇಬನಿಗೆ ಹೇಳಿ ನೋಡಿದರು. ಅವನಿಗೆ ಅದು ತಿಳಿಯಲಿಲ್ಲ. ಹಿಂದೆ ಇನ್ನಷ್ಟು ಹೆಣಗಳು ಕಾಯುತ್ತಿದ್ದವು.

"ಮಾಳನ ಕೊರಳಾಗಿನ ಹೆಸರಿನ ಬಿಲ್ಲಿ ನನ್ನ ಮುಷ್ಟಿಯಾಗ ಮುಚ್ಚಿ ಹಿಡದೆ. 'ಇಬ್ರೂ ನಮ್ಮವರ' ಅಂದೆ. ಎರಡೂ ಗೋರಿಯಾಗ ಮಣ್ಣ ಕೊಟ್ಟೆ. ನಮ್ಮ ದುವಾ ಓದಿದ್ವಿ. ಆಮ್ಯಾಲೆ ಬಿಲ್ಲಿ ಹವಾಲ್ದಾರನ ಕೈಯಾಗಿಟ್ಟೆ. ಅಂವ ಹೆಸರ ನೋಡಿದ, ನನ್ನ ಮುಖ ನೋಡಿದ, ಏನೂ ಅನ್ನಲಿಲ್ಲ. ಅಲ್ಲೇ ಅದಾನ ಬೇಟಿ, ನಮ್ಮವರ ನಡುವ."

"ಆ ತಾಯಿಗೆ ಬಂದು ಹೇಳಬೇಕಿತ್ತು ಸಾಬ್."

"ಏನಂತ ಹೇಳ್ಲಿ? ನಿನ್ನ ಮಗನ್ನ ಸಾಬರ ಕಬರಸ್ಥಾನದಾಗ ಇಟ್ಟೀನಿ ಅಂತೇನು? ಎಲ್ಡ ಸಲ ರಾಯಚೂರ ತನಾ ಹೋಗೀನಿ. ಅಲ್ಲಿಂದ ಹಿಂದಕ್ಕ ಬಂದೀನಿ."

ಒಲೆಯ ಮುಂದಿನಿಂದ ಬೀಬಿಯ ಮಾತು ಬಂತು. "ಜರ್ಮನಿ ತೋಪಿಗೆ ಅಂಜಿಲ್ಲ ಅಂತ ಊರ ತುಂಬಾ ಹೇಳಸ್ಕೋತೀರಿ. ಒಂದ ಮುದುಕಿಗೆ ಅಂಜ್ತೀರೇನು?"

ಮೇಜರ್ ಸಾಹೇಬರಿಗೆ ಎಲ್ಲವನ್ನೂ ಹೇಳಿದೆ. ಅವರು ಕಿಟಕಿಯ ಕಡೆ ನೋಡುತ್ತಾ ಕೇಳಿದರು. "ನಾನು ಒಬ್ಬ ತಾಯಿಗೆ ತಪ್ಪು ಹೇಳಿ ಕಳಿಸಿದೆನಲ್ಲ, ಅಮ್ಮಾಯಿ" ಎಂದರು. ಆಮೇಲೆ ಕುರ್ಚಿ ತಿರುಗಿಸಿದರು. "ಸಿಪಾಯಿಯೊಬ್ಬ ಬಿಲ್ಲೆ ಮುಚ್ಚಿ ಹಿಡಿದದ್ದನ್ನು ನಾನು ಎಡಗಿವಿಯಲ್ಲಿ ಕೇಳಿದ್ದೇನೆ. ನೀವೂ ಬರೆಯಬೇಡಿ. ಜೀಪು ತೆಗೆದುಕೊಂಡು ಹೋಗಿ."

"ಜೀಪು ಬೇಡ, ಸರ್."

ಈಗ ನನ್ನ ಹತ್ತಿರ ಬರುವ ಮಕ್ಕಳು ಫೋನ್ ತೆಗೆದು, ಆ ದೇಶದ ಸೈನಿಕರ ಸ್ಮಶಾನಗಳನ್ನು ನಿಮಿಷದಲ್ಲಿ ತೋರಿಸುತ್ತಾರೆ. ಸಾಲು ಸಾಲು ಕಲ್ಲು, ಕತ್ತರಿಸಿದ ಹುಲ್ಲು, ಸೋ ವೆಲ್ ಕೆಪ್ಟ್. "ಮೇಡಂ, ಆಗ ಇದೆಲ್ಲ ಇದ್ದಿದ್ದರೆ ನಿಮಗೆ ಎಷ್ಟು ಸುಲಭವಾಗುತ್ತಿತ್ತು!" ಎನ್ನುತ್ತಾರೆ. ಆಗುತ್ತಿತ್ತು, ನಿಜ. ಗೋರಿ ಇದೆಯೋ ಇಲ್ಲವೋ ತಿಳಿಯುತ್ತಿತ್ತು. ಆದರೆ ಬೀರವ್ವನ ಅಂಗಳದಲ್ಲಿ ಪೂಜಾರಿ ಕೇಳುವ ಪ್ರಶ್ನೆಗೆ ಫೋನು ಎದ್ದು ನಿಂತು ಉತ್ತರ ಕೊಡುವುದಿಲ್ಲ.

ನಿಂಗವ್ವನಿಗೆ ಹೇಳಿ ಕಳಿಸಿದೆ: ಮಣ್ಣು ಕೊಟ್ಟವರು ಸಿಕ್ಕಿದ್ದಾರೆ, ಮಕ್ತಲ್‌ನ ಖಾಸಿಂ ಸಾಬ ಅಂತ, ತಮ್ಮ ಪದ್ಧತಿಯಲ್ಲೇ ಇಟ್ಟಿದ್ದಾರೆ. ಏನನ್ನೂ ಮುಚ್ಚಿಡಲಿಲ್ಲ. ತಾಯಿಯಿಂದ ತಿರುಗಿ ಬಂದದ್ದು ಒಂದೇ ಮಾತು: "ಹಿರೇರ ಹಬ್ಬಕ್ಕ ಬರ್ಲಿ." ಅದು ಆದರದ ಕರೆಯೋ, ಬಯ್ಯಲು ಕರೆಯೋ ನಮಗೆ ತಿಳಿಯಲಿಲ್ಲ. ಬಸ್ಸಿನಲ್ಲಿ ಖಾಸಿಂ ಸಾಬರು ಟೋಪಿ ತೆಗೆದು ಹಾಕುವುದು, ತೆಗೆದು ಹಾಕುವುದು ಮಾಡುತ್ತಿದ್ದರು. ರಾಯಚೂರಿನಲ್ಲಿ ಬಸ್ಸು ಬದಲಿಸುವಾಗ ನಾನು ಅವರ ಮುಂದೆ ನಡೆಯದೆ ಹಿಂದೆ ನಡೆದೆ. ಓಡಿಹೋದಾರು ಎಂಬ ಭಯ.

ಹಬ್ಬದ ಮಧ್ಯಾಹ್ನ. ಸಾರಿಸಿದ ಅಂಗಳ, ನಡುವೆ ಕರಿ ಕಂಬಳಿ, ಅದರ ಮೇಲೆ ಭಂಡಾರ, ಅಂದರೆ ಅರಿಶಿನದ ಪುಡಿ. ಮನೆಯವರು ಸುತ್ತ ಕೂತಿದ್ದರು. ನಾವು ಹೋದಾಗ ಬೀರವ್ವ ಖಾಸಿಂ ಸಾಬರ ಕಡೆ ಒಮ್ಮೆ ನೋಡಿ, ಕಂಬಳಿಯ ಕಡೆ ತಿರುಗಿದಳು. ಅವರು ಗೋಡೆಯ ಬದಿಗೆ ಕೂತರು.

ಪೂಜಾರಿ ಒಬ್ಬೊಬ್ಬರ ಹೆಸರು ಹಿಡಿದು ಕರೆದ. ಪ್ರತಿ ಹೆಸರಿಗೂ ಕಂಬಳಿಯ ಮೇಲೆ ಒಂದು ಚಿಟಿಕೆ ಭಂಡಾರ ಬಿತ್ತು. ಕೊನೆಗೆ ಬೀರವ್ವ ಹೇಳಿದಳು: "ಮಾಳಪ್ಪ."

"ಮಣ್ಣು ಕೊಟ್ಟವರು ಯಾರು?"

ಖಾಸಿಂ ಸಾಬರು ಎದ್ದರು. ಟೋಪಿ ಸರಿ ಮಾಡಿಕೊಂಡರು.

"ನಾ ಕೊಟ್ಟೀನಿ."

ಪೂಜಾರಿಯ ಕೈ ಭಂಡಾರದ ಬಟ್ಟಲಿನ ಮೇಲೆಯೇ ನಿಂತಿತು. "ಸಾಬರು ಕೊಟ್ಟದ್ದು ನಡೀತದೇನು?"

"ಮೊಹರಂ ಬಂತಂದ್ರ ಪೀರಿನ ಮುಂದ ಸಕ್ರಿ ಓದಸಾಕ ಎಲ್ಲಾರಕಿಂತ ಮೊದ್ಲ ನೀ ಓಡ್ತಿ" ಎಂದಳು ಬೀರವ್ವ. "ಅವರ ಸಕ್ರಿ ನಡೀತೈತಿ ನಿನಗ, ಅವರ ಮಣ್ಣು ನಡ್ಯಂಗಿಲ್ಲೇನು?"

ಯಾರೋ ಕಿಸಕ್ಕೆಂದರು. ಪೂಜಾರಿಯೂ ಮುದುಕ, ಹಟಮಾರಿಯಲ್ಲ, ಆದರೆ ಕೇಳಬೇಕಾದದ್ದನ್ನು ಬಿಡುವವನಲ್ಲ. "ಅದಲ್ಲಬೇ. ಕುರಿ ಹಿಂದ ಹೋದಾವ ದಾರ್ಯಾಗ ಸತ್ರ ಮುಖ ಮನಿ ಕಡೀಗೆ ಮಾಡಿ ಇಡಬೇಕು. ಅದು ನಮ್ಮ ಪದ್ಧತಿ. ಸಾಬರು ಪಡುವಣಕ್ಕ ಮುಖ ಮಾಡಿ ಇಡ್ತಾರ. ಆ ದೇಶ ಮೊದ್ಲ ಪಡುವಣದಾಗ ಐತಿ. ಅಲ್ಲಿಂದ ಇನ್ನೂ ಪಡುವಣಕ್ಕ ಮುಖ ಅಂದ್ರ ಮನೀಗೆ ಬೆನ್ನ ಮಾಡಿ ಮಲಗ್ಯಾನ. ಬೆನ್ನ ಮಾಡಿದಾವ ಕರದ್ರ ಹೆಂಗ ಬರ್ತಾನ?"

ಬೀರವ್ವನ ಮುಖ ಕಳೆಗುಂದಿತು. ಅಷ್ಟು ದೂರ ಯೋಚಿಸಿರಲಿಲ್ಲ ಆಕೆ, ನಾನೂ ಯೋಚಿಸಿರಲಿಲ್ಲ.

ಖಾಸಿಂ ಸಾಬರು ಮಾತ್ರ ತಲೆ ಅಲ್ಲಾಡಿಸಿದರು. "ಇಲ್ಲ ಪೂಜಾರಪ್ಪ. ನಾವು ಪಡುವಣಕ್ಕಲ್ಲ, ಮಕ್ಕಾದ ಕಡೀಗೆ ಮುಖ ಮಾಡೋದು. ನಮ್ಮೂರಿಗೆ ಮಕ್ಕಾ ಪಡುವಣಕ್ಕ ಐತಿ, ಅದಕ್ಕ ಇಲ್ಲಿ ಹಂಗ. ಇಟ್ಲಿ ದೇಶ ಮಕ್ಕಾದ ಆಚಿ ಐತಿ. ಅಲ್ಲಿ ನಾವು ಮೂಡಣದ ಕಡೀಗೆ ನಿಂತು ನಮಾಜ್ ಮಾಡ್ತಿದ್ವಿ. ಮಾಳನ ಮುಖಾನೂ ಅತ್ಲಾಗ ತಿರುವೀನಿ, ನನ್ನ ಕೈಲೆ."

ಪೂಜಾರಿ ನನ್ನ ಕಡೆ ನೋಡಿದ. ಓದಿದವಳು ಎಂಬ ಗೌರವಕ್ಕೆ ಆ ಊರಿನಲ್ಲಿ ನನಗೆ ಒಂದು ಕೆಲಸ ಸಿಕ್ಕಿದ್ದು ಆಗಲೇ. ಕಾನ್ವೆಂಟಿನ ಜಿಯಾಗ್ರಫಿ ಕ್ಲಾಸಿನಲ್ಲಿ ಸಿಸ್ಟರ್ ಕೋಲಿನಿಂದ ತಟ್ಟಿ ತಟ್ಟಿ ಬರೆಸಿದ ನಕಾಶೆ ಇನ್ನೂ ಬೆರಳಿನಲ್ಲಿತ್ತು. ಒಂದು ಇದ್ದಿಲು ಕೇಳಿ, ಸಾರಿಸಿದ ನೆಲದ ಮೇಲೆ ಗೀಚಿದೆ. ಇಲ್ಲಿ ಇಟಲಿ, ಇಲ್ಲಿ ಸಮುದ್ರ, ಇಲ್ಲಿ ಮಕ್ಕಾ, ಮತ್ತೆ ಸಮುದ್ರ, ಇಲ್ಲಿ ನಾವು. ಹೆಚ್ಚು ಕಡಿಮೆ ಒಂದೇ ದಿಕ್ಕು. ನಿಂಗವ್ವ ಬಗ್ಗಿ ನೋಡಿದಳು. ಬೀರವ್ವ ಕಟ್ಟೆ ಇಳಿದು ಬಂದು, ಇಟಲಿಯ ಮೇಲೆ ಬೆರಳಿಟ್ಟು, ಮಕ್ಕಾದ ಮೇಲಿಂದ ಎಳೆಯುತ್ತಾ ಎಳೆಯುತ್ತಾ ತನ್ನ ಕಾಲಿನವರೆಗೆ ತಂದಳು.

"ಇತ್ಲಾಗ ನೋಡ್ಕೋತನ ಮಲಗ್ಯಾನೇನು?"

"ಇತ್ಲಾಗ ಅವ್ವಾ" ಎಂದರು ಖಾಸಿಂ ಸಾಬರು. "ಮಕ್ಕಾ ದಾಟಿ ನೋಡಿದ್ರ ಗಟ್ಟು."

ಪೂಜಾರಿ ಬಟ್ಟಲಿನಲ್ಲಿ ಕೈ ಅದ್ದಿದ. ಚಿಟಿಕೆಯಲ್ಲ, ಹಿಡಿ ಭಂಡಾರ ತೆಗೆದು ಕಂಬಳಿಯ ಮೇಲೆ ಬಿಟ್ಟ. "ಮಾಳಪ್ಪಾ, ಒಳಗ ಬಾರಪಾ" ಎಂದು ಕರೆದ. ನಿಂಗವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಬೀರವ್ವ ಬಗ್ಗಿ ಆ ಹಳದಿಯನ್ನು ಅಂಗೈಯಿಂದ ಸವರಿದಳು. ಆಮೇಲೆ ಒಳಗೆ ಹೋಗಿ ಒಂದು ತಂಬಿಗೆ ನೀರು ತಂದಳು.

"ಇತ್ಲಾಗ ಬಾರೋ ಖಾಸಿಂ. ಕೈ ಚಾಚು."

"ಯಾಕವ್ವಾ?"

"ಮಣ್ಣ ಕೊಟ್ಟಾವ ಸೀದಾ ಸತ್ತಾವನ ಮನೀಗೆ ಬಂದು ಕೈ ತೊಳಕೊಂಡ ಹೋಗಬೇಕು. ನೀ ಇನ್ನೂ ತೊಳದಿಲ್ಲ."

ಅವರು ಅಂಗಳದ ಅಂಚಿನಲ್ಲಿ ಬಗ್ಗಿ ಎರಡೂ ಕೈ ಚಾಚಿದರು. ಲಗಾಮು ಹಿಡಿದು ಹಿಡಿದು ಗಡ್ಡೆಗಟ್ಟಿದ ಕೈಗಳು. ಬೀರವ್ವ ನೀರು ಸುರಿಯುತ್ತಾ ತನ್ನ ಕೈಯಿಂದಲೇ ಆ ಬೆರಳುಗಳನ್ನು ಒಂದೊಂದಾಗಿ ಉಜ್ಜಿದಳು. ಖಾಸಿಂ ಸಾಬರು ಮಗುವಿನ ಹಾಗೆ ಅಳತೊಡಗಿದರು.

"ತೊಳದ್ರ ಆ ಮಣ್ಣು ಹೋಗ್ತದೇನವ್ವಾ?"

"ಹೋಗ್ಲಿ ಅಂತಲ್ಲೋ. ನಿನ್ನ ಕೆಲಸ ಮುಗೀತು ಅಂತ."

ತಂಬಿಗೆ ಬರಿದಾಯಿತು. ಆಕೆ ತನ್ನ ಸೆರಗಿನಿಂದ ಅವರ ಕೈ ಒರೆಸಿದಳು.

"ಸಾಕು ನಡಿ ಒಳಗ. ರೊಟ್ಟಿ ಆರತಾವ."